ಕನ್ನಡ ಬಲ್ಲವರು ರಷ್ಯನ್ ಕಲಿಯುವ ಬಗೆ

ರಷ್ಯನ್ ಕಲಿಯಲು ಹೊರಟ ಕನ್ನಡಿಗರಲ್ಲಿ ಹಲವರು ಮೊದಲ ದಿನವೇ ಒಂದು ತಪ್ಪು ಮಾಡುತ್ತಾರೆ: ಆ ಭಾಷೆಯನ್ನು ಇಂಗ್ಲಿಷಿನ ಕಿಟಕಿಯಿಂದ ನೋಡಲು ತೊಡಗುತ್ತಾರೆ. ಅಂಗಡಿಯಲ್ಲಿ ಸಿಗುವ ಪಠ್ಯಪುಸ್ತಕಗಳೂ ಮೊಬೈಲಿನ ಆ್ಯಪ್‌ಗಳೂ ಬಹುಮಟ್ಟಿಗೆ ಇಂಗ್ಲಿಷ್ ಬಲ್ಲವರಿಗಾಗಿ ರಚಿತವಾದವು. ಆದ್ದರಿಂದ ಅವು ಇಂಗ್ಲಿಷರಿಗೆ ತೊಡಕಾಗುವ ವಿಷಯಗಳನ್ನು ಹತ್ತಾರು ಪುಟ ಬೆಳೆಸಿ ಹೆದರಿಸುತ್ತವೆ, ನಮಗೆ ನಿಜವಾಗಿ ತೊಡಕಾಗುವುದನ್ನು ಅರ್ಧ ಪುಟದಲ್ಲಿ ಮುಗಿಸಿಬಿಡುತ್ತವೆ. ಅಮೆರಿಕದ ರಾಯಭಾರ ಸಿಬ್ಬಂದಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯು ರಷ್ಯನ್‌ಗೆ 44 ವಾರಗಳ, ಸುಮಾರು 1100 ತರಗತಿ ಗಂಟೆಗಳ ಅವಧಿಯನ್ನು ನಿಗದಿಪಡಿಸಿದೆ ಎಂಬ ಮಾತನ್ನು ಕಲಿಯುವವರೆಲ್ಲ ಎಲ್ಲಾದರೊಂದು ಕಡೆ ಓದಿರುತ್ತಾರೆ. ಆದರೆ ಆ ಲೆಕ್ಕ ಇಂಗ್ಲಿಷ್ ಮಾತನಾಡುವವರದು. ನಮ್ಮ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

‘ಎತ ಮೋಯ್ ದೋಮ್’ ಎಂಬ ವಾಕ್ಯವನ್ನು ನೋಡಿ. ಎತ ಎಂದರೆ ಇದು, ಮೋಯ್ ಎಂದರೆ ನನ್ನ, ದೋಮ್ ಎಂದರೆ ಮನೆ. ‘ಇದು ನನ್ನ ಮನೆ.’ ನಡುವೆ ಕ್ರಿಯಾಪದವಿಲ್ಲ, ಪದಗಳ ಮೊದಲು ಇಂಗ್ಲಿಷಿನ ‘ಎ’, ‘ದಿ’ಗಳ ಕಾಟವಿಲ್ಲ, ಪದಗಳ ಅನುಕ್ರಮವೂ ನಮ್ಮದೇ. ಇಂಗ್ಲಿಷ್ ಪುಸ್ತಕವು ಈ ವಾಕ್ಯದಲ್ಲಿ ಏನೇನು ಬಿಟ್ಟುಹೋಗಿದೆಯೆಂದು ವಿವರಿಸುತ್ತದೆ. ಕನ್ನಡದ ಕಣ್ಣಿಗೆ ಇಲ್ಲಿ ಬಿಟ್ಟುಹೋದದ್ದು ಏನೂ ಇಲ್ಲ. ಆದ್ದರಿಂದ ನೋಟುಪುಸ್ತಕದಲ್ಲಿ ರಷ್ಯನ್ ವಾಕ್ಯದ ಎದುರಿಗೆ ಕನ್ನಡ ವಾಕ್ಯವನ್ನೇ ಬರೆದುಕೊಳ್ಳುವುದು ಈ ಮಾರ್ಗದರ್ಶಿಯ ಮೊದಲ ಸಲಹೆ.

ಅಕ್ಷರ, ಉಚ್ಚಾರ, ಒತ್ತು

ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ 33 ಅಕ್ಷರಗಳಿವೆ: 10 ಸ್ವರಗಳು, 21 ವ್ಯಂಜನಗಳು, ಸ್ವಂತ ಧ್ವನಿಯಿಲ್ಲದ 2 ಚಿಹ್ನೆಗಳು (ಗಡಸುಚಿಹ್ನೆ, ಮೃದುಚಿಹ್ನೆ). ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಬಾಲ್ಯದಲ್ಲೇ ತಿದ್ದಿದವರಿಗೆ ಇದು ಒಂದು ವಾರದ ಕೆಲಸ. ತೊಡಕು ಬರುವುದು ಹೊಸ ಆಕಾರದ ಅಕ್ಷರಗಳಿಂದಲ್ಲ, ಪರಿಚಿತವೆಂದು ತೋರಿ ಮೋಸಮಾಡುವ ಅಕ್ಷರಗಳಿಂದ. ಇಂಗ್ಲಿಷಿನ ದೊಡ್ಡ ‘ಬಿ’ಯಂತೆ ಕಾಣುವುದು ಇಲ್ಲಿ ವಕಾರ, ‘ಎಚ್’ನಂತೆ ಕಾಣುವುದು ನಕಾರ, ‘ಪಿ’ಯಂತಿರುವುದು ರಕಾರ, ‘ಸಿ’ಯಂತಿರುವುದು ಸಕಾರ, ‘ವೈ’ಯಂತಿರುವುದು ಉಕಾರ. ‘ರಿಸ್ತರಾನ್’ ಎಂಬ ಹೋಟೆಲಿನ ಫಲಕವನ್ನು ಪ್ರವಾಸಿಗರು ‘ಪೆಕ್ಟೋಪಾ’ ಎಂದು ಓದಿಕೊಳ್ಳುವ ಹಳೆಯ ನಗೆಮಾತು ಹುಟ್ಟಿದ್ದು ಹೀಗೆ. ಮುದ್ರಿತ ಅಕ್ಷರಗಳ ಜೊತೆಗೇ ಕೂಡಕ್ಷರದ ಕೈಬರಹವನ್ನೂ ಕಲಿಯತಕ್ಕದ್ದು, ಏಕೆಂದರೆ ರಷ್ಯನ್ನರು ಕೈಯಿಂದ ಬರೆಯುವಾಗ ಅಕ್ಷರಗಳ ರೂಪವೇ ಬೇರೆಯಾಗುತ್ತದೆ: ತಕಾರವು ಇಂಗ್ಲಿಷಿನ ಚಿಕ್ಕ ‘ಎಂ’ನಂತೆ, ದಕಾರವು ಚಿಕ್ಕ ‘ಜಿ’ಯಂತೆ ಕಾಣುತ್ತದೆ. ಇದನ್ನು ಮುಂದೂಡಿದವರು ಅಂಗಡಿಯ ಚೀಟಿಯನ್ನೂ ವೈದ್ಯರ ಟಿಪ್ಪಣಿಯನ್ನೂ ಓದಲಾರದೆ ಒದ್ದಾಡುತ್ತಾರೆ.

ಮೊದಲ ಎರಡು ವಾರ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ರೋಮನ್ ಲಿಪಿಯಲ್ಲಿ ಬರೆದುಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಇಂಗ್ಲಿಷಿನ ದಾರಿಯಲ್ಲಿ ಬಂದವರು ‘ಟ’, ‘ಡ’ ಎನ್ನುವ ಕಡೆ ರಷ್ಯನ್ನರು ನಾಲಿಗೆಯನ್ನು ಹಲ್ಲಿಗೆ ತಾಗಿಸಿ ‘ತ’, ‘ದ’ ಎನ್ನುತ್ತಾರೆ. ಅವರ ಪ, ತ, ಕಗಳು ನಮ್ಮವುಗಳಂತೆಯೇ ಅಲ್ಪಪ್ರಾಣಗಳು. ಅವರ ರಕಾರ ನಮ್ಮ ರಕಾರದಂತೆ ನಾಲಿಗೆಯ ತುದಿಯಲ್ಲಿ ಕಂಪಿಸುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ, ವಿದೇಶಿಯರನ್ನು ಗೋಳಾಡಿಸುವ ಎರಡು ‘ಶ’ಕಾರಗಳ ಭೇದ ನಮಗೆ ಒಂದನೇ ತರಗತಿಯ ಪಾಠ: ಒಂದು ನಾಲಿಗೆ ಹಿಂದಕ್ಕೆ ಬಾಗುವ ‘ಷ’ಕ್ಕೆ ಬಹಳ ಹತ್ತಿರ, ಇನ್ನೊಂದು ದೀರ್ಘವಾಗಿ ಎಳೆದ ತಾಲವ್ಯ ‘ಶ್ಶ’. ಆಡುಮಾತಿನಲ್ಲಿ ಈ ಭೇದವನ್ನು ನಾವು ಬಹುಪಾಲು ಕಳೆದುಕೊಂಡಿದ್ದೇವಾದರೂ ಇಲ್ಲಿ ಅದನ್ನು ನೆನಪಿಸಿಕೊಂಡರೆ ಉಪಯೋಗವಿದೆ. ನಾಲಿಗೆಯನ್ನು ಹಿಂದಕ್ಕೆಳೆದು ‘ಇ’ ಎಂದಂತೆ ಕೇಳಿಸುವ ಇನ್ನೊಂದು ಸ್ವರವಿದೆ. ಕನ್ನಡದಲ್ಲಿ ಅದಕ್ಕೆ ಸಾಟಿಯಿಲ್ಲ. ತುಳುವಿನಲ್ಲಿ, ಕೊಡವ ಭಾಷೆಯಲ್ಲಿ ಪದಾಂತ್ಯಕ್ಕೆ ಬರುವ, ‘ಉ’ ಎಂದೂ ಹೇಳಲಾಗದ ಸ್ವರವನ್ನು ಬಲ್ಲವರಿಗೆ ಅದರ ನೆರೆಹೊರೆ ಬೇಗ ಸಿಕ್ಕುತ್ತದೆ.

ಆದರೆ ಕನ್ನಡ ಲಿಪಿಯ ಊರುಗೋಲನ್ನು ಎರಡು ವಾರದ ಮೇಲೆ ಬಿಡಲೇಬೇಕು. ರಷ್ಯನ್ನಿನಲ್ಲಿ ಹೆಚ್ಚಿನ ವ್ಯಂಜನಗಳಿಗೆ ಗಡಸು ರೂಪ, ಮೃದು ರೂಪ ಎಂದು ಎರಡಿವೆ. ಮೃದು ರೂಪದಲ್ಲಿ ನಾಲಿಗೆಯ ನಡುಭಾಗ ಅಂಗುಳದತ್ತ ಏರುತ್ತದೆ. ಯಕಾರವನ್ನು ಪೂರ್ತಿ ನುಡಿಯದೆ ಅದರ ಛಾಯೆಯನ್ನು ಮಾತ್ರ ಸೇರಿಸಿದಂತೆ ಕೇಳಿಸುತ್ತದೆ. ‘ಉಗಲ್’ ಎಂಬ ಪದದ ಕೊನೆಯ ಲಕಾರ ಗಡಸಾದರೆ ಮೂಲೆ, ಮೃದುವಾದರೆ ಕಲ್ಲಿದ್ದಲು. ಗಡಸು ಲಕಾರವನ್ನು ‘ಳ’ ಎಂದು ನುಡಿಯುವ ಆಸೆ ನಮಗೆ ಬರುತ್ತದೆ, ಅದೂ ಸರಿಯಲ್ಲ. ಇನ್ನೊಂದು ಅಭ್ಯಾಸ ನಮ್ಮ ರಕ್ತದಲ್ಲೇ ಇದೆ. ವ್ಯಂಜನದಲ್ಲಿ ಕೊನೆಯಾಗುವ ಪರಭಾಷಾ ಪದ ಬಂದರೆ ಸಾಕು, ಅದಕ್ಕೆ ಉಕಾರ ಹಚ್ಚಿ ಬಸ್ಸು, ಕಾರು, ರೈಲು ಎಂದು ನಮ್ಮದಾಗಿಸಿಕೊಳ್ಳುತ್ತೇವೆ. ರಷ್ಯನ್ನಿನಲ್ಲಿ ಹಾಗೆ ಮಾಡಿದರೆ ವಿಭಕ್ತಿಯೇ ಬದಲಾಗಿಬಿಡುತ್ತದೆ: ‘ಬ್ರಾತ್’ ಎಂದರೆ ಸಹೋದರ, ‘ಬ್ರಾತು’ ಎಂದರೆ ಸಹೋದರನಿಗೆ!

ಉಚ್ಚಾರಣೆಯಲ್ಲಿ ನಮಗಿರುವ ನಿಜವಾದ ಗಂಡಾಂತರ ಒತ್ತಿನದು. ಬರೆದಂತೆ ಓದುವ, ಪ್ರತಿ ಸ್ವರಕ್ಕೂ ಅದರ ಪೂರ್ಣ ಬೆಲೆ ಕೊಡುವ ಭಾಷೆ ನಮ್ಮದು. ರಷ್ಯನ್ ಪದದಲ್ಲಿ ಒಂದೇ ಒಂದು ಉಚ್ಚಾರಾಂಶದ ಮೇಲೆ ಬಲವಾದ ಒತ್ತು ಬೀಳುತ್ತದೆ, ಮಿಕ್ಕವು ಕುಗ್ಗುತ್ತವೆ. ಒತ್ತಿಲ್ಲದ ‘ಒ’ಕಾರವು ‘ಅ’ಕಾರದ ಕಡೆಗೆ ಜಾರುತ್ತದೆ. ಹಾಲು ಎಂಬರ್ಥದ ಪದದಲ್ಲಿ ಮೂರು ‘ಒ’ಕಾರಗಳನ್ನು ಬರೆಯುತ್ತಾರೆ, ನುಡಿಯುವುದು ‘ಮಲಕೋ’ ಎಂದು. ಒತ್ತು ಎಲ್ಲಿ ಬೀಳುತ್ತದೆಂಬುದಕ್ಕೆ ನಂಬಬಹುದಾದ ನಿಯಮವಿಲ್ಲ, ಒಂದೇ ಪದದ ಬೇರೆ ಬೇರೆ ರೂಪಗಳಲ್ಲಿ ಅದು ಸ್ಥಳ ಬದಲಿಸುವುದೂ ಉಂಟು. ‘ರುಕಾ’ ಎಂದರೆ ಕೈ, ‘ರೂಕು’ ಎಂದರೆ ಕೈಯನ್ನು. ಕೆಲವೊಮ್ಮೆ ಒತ್ತಿನಿಂದಲೇ ಅರ್ಥ ತಿರುಗುತ್ತದೆ: ‘ಜ಼ಾಮಕ್’ ಕೋಟೆ, ‘ಜ಼ಮೋಕ್’ ಬೀಗ. ನಿಘಂಟುಗಳಲ್ಲಿ, ಮಕ್ಕಳ ಹಾಗೂ ವಿದೇಶಿಯರ ಪಠ್ಯಗಳಲ್ಲಿ ಒತ್ತಿನ ಗುರುತು ಇರುತ್ತದೆ. ಪತ್ರಿಕೆಗಳಲ್ಲಿ, ಸಾಮಾನ್ಯ ಪುಸ್ತಕಗಳಲ್ಲಿ ಇರುವುದಿಲ್ಲ. ಆದ್ದರಿಂದ ಯಾವ ಪದವನ್ನೂ ಕಿವಿಯಿಂದ ಕೇಳದೆ ಕಂಠಪಾಠ ಮಾಡಬೇಡಿ. ತಪ್ಪು ಒತ್ತಿನಲ್ಲಿ ನೆಲೆಯೂರಿದ ನೂರು ಪದಗಳನ್ನು ತಿದ್ದುವುದಕ್ಕಿಂತ ಹೊಸದಾಗಿ ಐನೂರು ಪದ ಕಲಿಯುವುದು ಸುಲಭ.

ವಿಭಕ್ತಿಗಳು: ನಮ್ಮ ಮನೆಯ ಸೊತ್ತು

ಆರು ವಿಭಕ್ತಿಗಳೆಂದರೆ ಇಂಗ್ಲಿಷ್ ಪುಸ್ತಕಗಳಿಗೆ ಪರ್ವತ. ಏಳು ವಿಭಕ್ತಿಗಳನ್ನು ರಾಗವಾಗಿ ಒಪ್ಪಿಸಿದ ನಮಗೆ ಪ್ರಥಮಾ, ದ್ವಿತೀಯಾ, ತೃತೀಯಾ, ಚತುರ್ಥೀ, ಷಷ್ಠೀ, ಸಪ್ತಮೀ ಎಂದು ಹೆಸರಿಟ್ಟುಕೊಂಡರೆ ಅರ್ಧ ಭಯ ಅಲ್ಲಿಗೇ ಹೋಗುತ್ತದೆ. ಪಂಚಮಿಯ ಕೆಲಸವನ್ನು ರಷ್ಯನ್ನಿನಲ್ಲಿ ಷಷ್ಠಿಯೇ ಕೆಲವು ಪೂರ್ವಪದಗಳ, ಅಂದರೆ ನಾಮಪದದ ಮೊದಲು ಬರುವ ಸಣ್ಣ ಪದಗಳ, ನೆರವಿನಿಂದ ಮಾಡುತ್ತದೆ. ಪೆನ್ನಿನಿಂದ ಬರೆಯುತ್ತೇನೆ ಎನ್ನುವಲ್ಲಿ ‘ಇಂದ’ ಎಂಬ ಪ್ರತ್ಯಯ ಮಾಡುವ ಕೆಲಸವನ್ನು ರಷ್ಯನ್ನಿನಲ್ಲೂ ಒಂದು ಪ್ರತ್ಯಯವೇ ಮಾಡುತ್ತದೆ: ‘ರೂಚ್ಕ’ ಎಂದರೆ ಪೆನ್ನು, ‘ರೂಚ್ಕಯ್’ ಎಂದರೆ ಪೆನ್ನಿನಿಂದ.

ಚತುರ್ಥಿಯಲ್ಲಂತೂ ಎರಡು ಭಾಷೆಗಳೂ ಅಕ್ಕತಂಗಿಯರಂತೆ ನಡೆದುಕೊಳ್ಳುತ್ತವೆ. ‘ಮ್ನ್ಯೆ ಖೋಲದ್ನ’ ಎಂದರೆ ‘ನನಗೆ ಚಳಿ’. ನನಗೆ ಇಷ್ಟ, ನನಗೆ ಬೇಸರ, ನನಗೆ ಇಪ್ಪತ್ತು ವರ್ಷ: ಎಲ್ಲದರಲ್ಲೂ ಅನುಭವಿಸುವವನು ಕರ್ತೃವಾಗದೆ ಚತುರ್ಥಿಯಲ್ಲಿ ನಿಲ್ಲುತ್ತಾನೆ. ಇದಕ್ಕಿಂತ ಸೂಕ್ಷ್ಮವಾದ ಸಾಮ್ಯ ದ್ವಿತೀಯೆಯಲ್ಲಿದೆ. ಕನ್ನಡದಲ್ಲಿ ‘ಮನೆ ನೋಡಿದೆ’ ಎನ್ನಬಹುದು, ‘ಅಣ್ಣ ನೋಡಿದೆ’ ಎಂದರೆ ಅರ್ಥ ಕೆಡುತ್ತದೆ, ‘ಅಣ್ಣನನ್ನು ನೋಡಿದೆ’ ಎಂದೇ ಹೇಳಬೇಕು. ರಷ್ಯನ್ನಿನಲ್ಲಿಯೂ ಪುಲ್ಲಿಂಗದ ನಿರ್ಜೀವ ಪದಗಳಿಗೆ ದ್ವಿತೀಯೆಯಲ್ಲಿ ಪ್ರತ್ಯಯವಿಲ್ಲ, ಸಜೀವ ಪದಗಳಿಗೆ ಇದೆ: ಮನೆ ಕಾಣುತ್ತಿದೆ ಎನ್ನಲು ‘ದೋಮ್’ ಹಾಗೇ ಉಳಿಯುತ್ತದೆ, ಸಹೋದರ ಕಾಣುತ್ತಿದ್ದಾನೆ ಎನ್ನಲು ‘ಬ್ರಾತ್’ ಎಂಬುದು ‘ಬ್ರಾತ’ ಆಗುತ್ತದೆ.

ಸಾಮ್ಯ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಅಷ್ಟೇ ಎಚ್ಚರದಿಂದ ಗುರುತುಹಾಕಿಕೊಳ್ಳಬೇಕು. ಮಾಸ್ಕೋಗೆ ಹೋಗುತ್ತೇನೆ ಎನ್ನುವಾಗ ನಮ್ಮ ‘ಗೆ’ ಚತುರ್ಥಿಯತ್ತ ಎಳೆಯುತ್ತದೆ, ರಷ್ಯನ್ ಅಲ್ಲಿ ಪೂರ್ವಪದದೊಡನೆ ದ್ವಿತೀಯೆಯನ್ನು ಬಯಸುತ್ತದೆ. ವೈದ್ಯರ ಬಳಿಗೆ ಹೋಗುತ್ತೇನೆ ಎನ್ನುವಾಗ ಮಾತ್ರ ಚತುರ್ಥಿ. ಕನ್ನಡದ ಗುಣವಾಚಕ ಅಲುಗಾಡುವುದಿಲ್ಲ; ಹೊಸ ಪುಸ್ತಕ, ಹೊಸ ಪುಸ್ತಕದಲ್ಲಿ, ಹೊಸ ಪುಸ್ತಕಗಳಿಗೆ ಎನ್ನುವಾಗಲೆಲ್ಲ ‘ಹೊಸ’ ಹೊಸದಾಗಿಯೇ ಇರುತ್ತದೆ. ರಷ್ಯನ್ನಿನಲ್ಲಿ ಅದೂ ನಾಮಪದದ ಲಿಂಗ, ವಚನ, ವಿಭಕ್ತಿಗಳನ್ನು ಹೊತ್ತು ನಡೆಯಬೇಕು. ಪ್ರತ್ಯಯಗಳ ಕೋಷ್ಟಕವನ್ನು ಗೋಡೆಗೆ ಅಂಟಿಸಿ ನೋಡುತ್ತ ಕೂರುವುದರಿಂದ ಇದು ಬರುವುದಿಲ್ಲ. ಒಂದೊಂದು ವಿಭಕ್ತಿಗೂ ದಿನಬಳಕೆಯ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿ, ಅದರೊಳಗಿನ ನಾಮಪದವನ್ನು ಮಾತ್ರ ಬದಲಿಸುತ್ತ ಹೋಗುವುದು ನಮ್ಮ ಹಳೆಯ ಮಗ್ಗಿಯ ವಿಧಾನ, ಮತ್ತು ಇಲ್ಲಿ ಫಲಿಸುವ ವಿಧಾನವೂ ಅದೇ.

ಕನ್ನಡ ಕೈಬಿಡುವ ಕಡೆ

ಲಿಂಗದಿಂದ ಆರಂಭಿಸೋಣ. ಕನ್ನಡದಲ್ಲಿ ಲಿಂಗವು ಅರ್ಥದಿಂದ ಬರುತ್ತದೆ, ರಷ್ಯನ್ನಿನಲ್ಲಿ ಬಹುಪಾಲು ಪದದ ಕೊನೆಯಿಂದ. ವ್ಯಂಜನಾಂತವಾದ ‘ಸ್ತೋಲ್’, ಅಂದರೆ ಮೇಜು, ಪುಲ್ಲಿಂಗ; ಅಕಾರಾಂತವಾದ ‘ಕ್ನೀಗ’, ಅಂದರೆ ಪುಸ್ತಕ, ಸ್ತ್ರೀಲಿಂಗ; ‘ಅಕ್ನೋ’, ಅಂದರೆ ಕಿಟಕಿ, ನಪುಂಸಕಲಿಂಗ. ಮೃದುಚಿಹ್ನೆಯಲ್ಲಿ ಮುಗಿಯುವ ಪದಗಳನ್ನು ಮಾತ್ರ ಒಂದೊಂದಾಗಿ ನೆನಪಿಡಬೇಕು: ಹಗಲು ಪುಲ್ಲಿಂಗ, ರಾತ್ರಿ ಸ್ತ್ರೀಲಿಂಗ. ಭೂತಕಾಲದ ಕ್ರಿಯಾಪದವೂ ಲಿಂಗವನ್ನು ತೋರುತ್ತದೆ. ಓದಿದನು, ಓದಿದಳು ಎಂಬ ಭೇದ ನಮಗೆ ಹೊಸದಲ್ಲ, ಆದರೆ ‘ನಾನು ಓದಿದೆ’ ಎನ್ನುವಾಗಲೂ ಗಂಡಸು ‘ಚಿತಾಲ್’ ಎಂದೂ ಹೆಂಗಸು ‘ಚಿತಾಲ’ ಎಂದೂ ಹೇಳಬೇಕು. ಗಂಡುಧ್ವನಿಯ ಪಾಠಗಳನ್ನು ಕೇಳಿ ಅನುಕರಿಸುವ ಹುಡುಗಿಯರೂ ಶಿಕ್ಷಕಿಯರಿಂದ ಕಲಿಯುವ ಹುಡುಗರೂ ಇಲ್ಲಿ ಎಡವುತ್ತಾರೆ.

ಕ್ರಿಯಾಪದಗಳ ಜೋಡಿಯೇ ನಿಜವಾದ ಗುಡ್ಡ. ಬಹುತೇಕ ಪ್ರತಿ ಕ್ರಿಯೆಗೂ ಅಪೂರ್ಣ, ಪೂರ್ಣ ಎಂಬ ಎರಡು ಧಾತುಗಳಿವೆ. ‘ಚಿತಾಲ್’ ಎಂದರೆ ಓದುತ್ತಿದ್ದೆ, ಓದುವ ಕೆಲಸದಲ್ಲಿದ್ದೆ, ಆಗಾಗ ಓದುತ್ತಿದ್ದೆ. ಮುಗಿಯಿತೋ ಇಲ್ಲವೋ ಎಂಬುದು ಅಲ್ಲಿನ ಪ್ರಶ್ನೆಯಲ್ಲ. ‘ಪ್ರಚಿತಾಲ್’ ಎಂದರೆ ಓದಿ ಮುಗಿಸಿದೆ. ಕನ್ನಡದ ‘ಬಿಡು’ ಎಂಬ ಸಹಾಯಕ ಕ್ರಿಯಾಪದ ಇದನ್ನು ಊಹಿಸಲು ಒಂದು ಮೆಟ್ಟಿಲಾಗುತ್ತದೆ: ಬರೆದೆ, ಬರೆದುಬಿಟ್ಟೆ, ತಿಂದೆ, ತಿಂದುಬಿಟ್ಟೆ. ಆದರೆ ನಾವು ‘ಬಿಡು’ವನ್ನು ಬೇಕೆನಿಸಿದಾಗ ಸೇರಿಸುತ್ತೇವೆ, ರಷ್ಯನ್ನರು ಪ್ರತಿ ಬಾರಿ ಬಾಯಿ ತೆರೆಯುವಾಗಲೂ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಮಾಡು ಎನ್ನುವಾಗ ಒಂದು, ಬೇಡ ಎನ್ನುವಾಗ ಇನ್ನೊಂದು ಬರುವುದು ಸಾಮಾನ್ಯ. ಹಾಲು ಕೊಂಡು ತಾ ಎನ್ನಲು ‘ಕುಪೀ’, ಕೊಳ್ಳಬೇಡ ಎನ್ನಲು ‘ನಿ ಪಕುಪಾಯ್’. ಹೀಗಾಗಿ ಯಾವ ಕ್ರಿಯಾಪದವನ್ನೂ ಒಂಟಿಯಾಗಿ ಕಲಿಯಬೇಡಿ, ಜೋಡಿಯಾಗಿಯೇ, ಎರಡು ವಾಕ್ಯಗಳ ಸಮೇತ ಬರೆದಿಡಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ಕಷ್ಟ ‘ಹೋಗು’. ನಮ್ಮ ಒಂದು ಹೋಗುವಿಕೆಯನ್ನು ರಷ್ಯನ್ನರು ನಾಲ್ಕಾಗಿ ಸೀಳುತ್ತಾರೆ: ಕಾಲ್ನಡಿಗೆಯೇ ವಾಹನವೇ ಎಂಬುದು ಒಂದು ಭೇದ, ಈಗ ಒಂದು ದಿಕ್ಕಿನಲ್ಲಿ ಹೊರಟದ್ದೇ, ಹೋಗಿಬರುವ ರೂಢಿಯೇ ಎಂಬುದು ಇನ್ನೊಂದು. ಬೆಂಗಳೂರಿನಲ್ಲಿ ನಿಂತು ‘ಯಾ ಇದೂ’ ಎಂದು ಮೈಸೂರಿನ ಹೆಸರು ಹೇಳಿದರೆ, ಕೇಳುವವರು ನೀವು ಸುಮಾರು 145 ಕಿ.ಮೀ. ನಡೆದೇ ಹೊರಟಿದ್ದೀರೆಂದು ಭಾವಿಸುತ್ತಾರೆ. ಬಸ್ಸಾಗಲಿ ರೈಲಾಗಲಿ, ಅಲ್ಲಿ ‘ಯಾ ಯೇದು’ ಎನ್ನಬೇಕು.

ಪದಸಂಪತ್ತು ಮತ್ತು ಕಲಿಕೆಯ ವ್ಯವಸ್ಥೆ

ಕನ್ನಡಕ್ಕೆ ಬಂದ ಸಂಸ್ಕೃತ ಪದಗಳು ಇಲ್ಲಿ ಒಳ್ಳೆಯ ಗೂಟಗಳಾಗುತ್ತವೆ, ಏಕೆಂದರೆ ಸಂಸ್ಕೃತವೂ ರಷ್ಯನ್ನೂ ಒಂದೇ ದೂರದ ಮೂಲದಿಂದ ಕವಲೊಡೆದವು. ತ್ರಿ ‘ತ್ರಿ’ಯೇ, ದ್ವಾರ ‘ದ್ವ್ಯೇರ್ಯ್’, ವಿಧವೆ ‘ವ್ದವಾ’, ನವ ‘ನೋವಿಯ್’, ಮಧು ‘ಮ್ಯೋದ್’ ಎಂದು ಬರೆದು ನುಡಿಯುವಾಗ ‘ಮ್ಯೋತ್’. ನಭವೇ ‘ನ್ಯೇಬ’, ಆಕಾಶ. ಗಂಡನ ಸಹೋದರನಿಗೆ ಸಂಸ್ಕೃತದಲ್ಲಿ ದೇವರ, ರಷ್ಯನ್ನಿನಲ್ಲಿ ‘ದ್ಯೇವಿರ್ಯ್’. ಇದನ್ನು ನೆನಪಿನ ಸಾಧನವಾಗಿ ಬಳಸಿ. ರಷ್ಯನ್ ಸಂಸ್ಕೃತದಿಂದಲೇ ಹುಟ್ಟಿತೆಂದು ವಾಟ್ಸಾಪಿನಲ್ಲಿ ತೇಲಿಬರುವ ಮಾತನ್ನು ಮಾತ್ರ ನಂಬಬೇಡಿ. ಇಂಗ್ಲಿಷಿನ ನೆಂಟಸ್ತಿಕೆ ಇದಕ್ಕಿಂತ ಅಪಾಯಕಾರಿ: ‘ಮಗಜ಼ೀನ್’ ಎಂದರೆ ಅಂಗಡಿ, ‘ಫಮೀಲಿಯ’ ಎಂದರೆ ಕುಟುಂಬವಲ್ಲ, ಮನೆತನದ ಹೆಸರು.

ಗುರಿಯನ್ನು ಅಳತೆಗೆ ಸಿಗುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ವಿದೇಶಿಯರಿಗಾಗಿ ರಷ್ಯಾ ನಡೆಸುವ ಅಧಿಕೃತ ಪರೀಕ್ಷೆಯಲ್ಲಿ ಆರು ಹಂತಗಳಿವೆ. ಅತ್ಯಂತ ಕೆಳಗಿನದಕ್ಕೆ 780 ಪದಗಳು, ಅದರ ಮೇಲಿನದಕ್ಕೆ 1300, ವಿಶ್ವವಿದ್ಯಾಲಯ ಪ್ರವೇಶಕ್ಕೆ ಬೇಕಾಗುವ ಮೂರನೆಯದಕ್ಕೆ 2300 ಎಂದು ಕನಿಷ್ಠ ಪದಪಟ್ಟಿಗಳನ್ನು ಗೊತ್ತುಪಡಿಸಲಾಗಿದೆ. ಮಾಸ್ಕೋದಲ್ಲಿ 1966ರಲ್ಲಿ ಸ್ಥಾಪನೆಯಾದ ಪುಷ್ಕಿನ್ ರಷ್ಯನ್ ಭಾಷಾ ಸಂಸ್ಥೆ ಆನ್‌ಲೈನ್ ಪಾಠಗಳನ್ನೂ ನಡೆಸುತ್ತದೆ. ಮುಖಾಮುಖಿ ಕಲಿಯಬಯಸುವವರಿಗೆ ಚೆನ್ನೈನ ರಷ್ಯನ್ ಹೌಸ್, ಪದವಿಯನ್ನೇ ಬಯಸುವವರಿಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ರಷ್ಯನ್ ವಿಭಾಗ ಕರ್ನಾಟಕಕ್ಕೆ ಹತ್ತಿರದವು. ಒತ್ತಿನ ಸಂಶಯ ಬಂದರೆ ‘ಗ್ರಾಮತ’ ಎಂಬ ಉಚಿತ ಜಾಲತಾಣದ ನಿಘಂಟನ್ನು ನೋಡಬಹುದು.

ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಮಾತು. ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು, ಆದರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿ ಮಾತನಾಡುವುದು ರಷ್ಯನ್ನಿನಲ್ಲೇ. ಆದ್ದರಿಂದ ಪ್ರವಾಸಿಗರ ಪದಪಟ್ಟಿಯನ್ನು ಬದಿಗಿಟ್ಟು ‘ಷ್ತೋ ಉ ವಾಸ್ ಬಲೀತ್’, ಅಂದರೆ ‘ನಿಮಗೆ ಎಲ್ಲಿ ನೋವು’ ಎಂಬಲ್ಲಿಂದ ಆರಂಭಿಸಿ, ದೇಹದ ಅಂಗಗಳನ್ನೂ ನೋವಿನ ಬಗೆಗಳನ್ನೂ ಮೊದಲ ವರ್ಷವೇ ಕಲಿಯತಕ್ಕದ್ದು.

ಓದು ಸ್ವಲ್ಪ ಕೈಹಿಡಿದ ಮೇಲೆ, ನಿಮಗೆ ಮೊದಲೇ ಗೊತ್ತಿರುವ ವಿಷಯವನ್ನು ರಷ್ಯನ್ನಿನಲ್ಲಿ ಓದುವುದು ಬಹಳ ಲಾಭದಾಯಕ. 15ನೇ ಶತಮಾನದಲ್ಲಿ ತ್ವೇರ್ ನಗರದಿಂದ ಹೊರಟು ಬಹಮನಿಗಳ ಬೀದರಿಗೆ ಬಂದ ವರ್ತಕ ಅಫನಾಸಿ ನಿಕಿತಿನ್‌ನ ಪ್ರವಾಸದ ಟಿಪ್ಪಣಿಗಳು ಇಂದಿನ ರಷ್ಯನ್ ರೂಪದಲ್ಲಿಯೂ ದೊರೆಯುತ್ತವೆ. ಬೀದರನ್ನು ಕಂಡವರಿಗೆ ಅಲ್ಲಿನ ಅರ್ಧ ಪದಗಳು ನಿಘಂಟಿಲ್ಲದೆಯೇ ತೆರೆದುಕೊಳ್ಳುತ್ತವೆ. ಕಿವಿಗೆ ಬೇಕಾದ ಅಭ್ಯಾಸಕ್ಕೆ ಮಾಸ್‌ಫಿಲ್ಮ್ ಸಂಸ್ಥೆ ಯೂಟ್ಯೂಬಿನಲ್ಲಿ ಹಾಕಿರುವ ಹಳೆಯ ಚಿತ್ರಗಳು ಸಾಕು; ಅಡಿಬರಹವನ್ನು ರಷ್ಯನ್ನಿನಲ್ಲೇ ಇಟ್ಟುಕೊಂಡು ಹತ್ತು ನಿಮಿಷದ ತುಣುಕನ್ನು ಮೂರು ಬಾರಿ ನೋಡುವುದು, ಇಡೀ ಚಿತ್ರವನ್ನು ಒಮ್ಮೆ ನೋಡುವುದಕ್ಕಿಂತ ಉತ್ತಮ.

ಕರೆಯುವ ರೀತಿ, ಮನೆಯ ರೀತಿ

ನೀನು, ನೀವು ಎಂಬ ಭೇದ ‘ತಿ’, ‘ವಿ’ಗಳಲ್ಲಿ ಯಥಾವತ್ತಾಗಿದೆ, ಆದರೆ ಗಡಿ ಒಂದಿಷ್ಟು ಸರಿದಿದೆ. ತಂದೆಯನ್ನು ‘ನೀವು’ ಎನ್ನುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಇಂದಿನ ರಷ್ಯನ್ ಮನೆಯಲ್ಲಿ ತಂದೆತಾಯಿಗೆ ‘ವಿ’ ಎಂದರೆ ಮುನಿಸಿಕೊಂಡಂತೆ ಕೇಳಿಸುತ್ತದೆ. ಅಪರಿಚಿತರಿಗೆ, ಗುರುಗಳಿಗೆ, ಕಚೇರಿಯ ಹಿರಿಯರಿಗೆ ‘ವಿ’ಯೇ ಸರಿ, ‘ತಿ’ಗೆ ಇಳಿಯೋಣವೆಂದು ಹಿರಿಯರೇ ಸೂಚಿಸುವವರೆಗೂ ಕಾಯಬೇಕು. ಇಲ್ಲೊಂದು ಗುಂಡಿಯಿದೆ: ನಾವು ಹಿರಿಯರೊಬ್ಬರನ್ನು ಕುರಿತು ‘ಅವರು ಬಂದರು’ ಎನ್ನುತ್ತೇವೆ. ರಷ್ಯನ್ನಿನಲ್ಲಿ ಪ್ರಥಮ ಪುರುಷಕ್ಕೆ ಗೌರವ ಬಹುವಚನವಿಲ್ಲ. ಪ್ರಾಧ್ಯಾಪಕರನ್ನು ಕುರಿತು ‘ಅನೀ’, ಅಂದರೆ ‘ಅವರು’ ಎಂದರೆ, ಎಷ್ಟು ಜನ ಬಂದರೆಂದು ಎದುರಿನವರು ಹುಡುಕುತ್ತಾರೆ. ಗೌರವ ಸಲ್ಲುವುದು ಹೆಸರಿನ ಮೂಲಕ. ಪ್ರತಿಯೊಬ್ಬರಿಗೂ ಸ್ವಂತ ಹೆಸರು, ತಂದೆಯ ಹೆಸರಿನಿಂದ ಕಟ್ಟಿದ ನಡುಹೆಸರು, ಮನೆತನದ ಹೆಸರು ಎಂದು ಮೂರಿರುತ್ತವೆ. ಇವಾನನ ಮಗ ‘ಇವಾನೊವಿಚ್’, ಮಗಳು ‘ಇವಾನೊವ್ನ’. ಶಿಕ್ಷಕಿಯನ್ನು ‘ಮೇಡಂ’ ಎನ್ನದೆ ‘ಮರಿಯಾ ಇವಾನೊವ್ನ’ ಎಂಬಂತೆ ಮೊದಲೆರಡು ಹೆಸರು ಕೂಡಿಸಿ ಕರೆಯಬೇಕು. ತಂದೆಯ ಹೆಸರನ್ನು ಇನಿಷಿಯಲ್ಲಾಗಿ ಹೊತ್ತು ತಿರುಗುವ ನಮಗೆ ಇದರ ತರ್ಕ ವಿಚಿತ್ರವೆನಿಸಬೇಕಾಗಿಲ್ಲ. ಅದೇ ಮರಿಯಾ ಗೆಳತಿಯರಿಗೆ ಮಾಷ, ಅಲಿಕ್ಸಾಂದರ್ ಸಾಷ. ಕಾದಂಬರಿ ಓದುವಾಗ ಒಬ್ಬರೇ ಮೂವರಾಗಿ ತೋರುವುದು ಇದರಿಂದ.

ಮನೆಗೆ ಕರೆದರೆ ಬರಿಗೈಯಲ್ಲಿ ಹೋಗಬೇಡಿ. ಹೂವು ಒಯ್ದರೆ ಬೆಸಸಂಖ್ಯೆಯಲ್ಲಿರಲಿ, ಏಕೆಂದರೆ ಸಮಸಂಖ್ಯೆಯ ಹೂವು ಸಾವಿನ ಮನೆಗೆ. ಹೊಸ್ತಿಲಿನ ಆಚೀಚೆ ನಿಂತು ಕೈಕುಲುಕುವುದಿಲ್ಲ, ಒಳಗೆ ಬಂದ ಮೇಲೆಯೇ. ಚಪ್ಪಲಿಯನ್ನು ಬಾಗಿಲಲ್ಲೇ ಬಿಡಬೇಕು, ಆದರೆ ಬರಿಗಾಲಿನಲ್ಲಿ ಓಡಾಡಿದರೆ ಮನೆಯವರು ಚಡಪಡಿಸುತ್ತಾರೆ; ಅತಿಥಿಗಳಿಗೆಂದೇ ಇಟ್ಟ ಮೆತ್ತನೆಯ ‘ತಾಪಚ್ಕಿ’ಯನ್ನು ಮೆಟ್ಟಿಕೊಳ್ಳಿ. ಬೀದಿಯಲ್ಲಿ ಅಪರಿಚಿತರು ನಗದಿದ್ದರೆ ಅದು ಸಿಡುಕಲ್ಲ. ಅಲ್ಲಿ ನಗು ಪರಿಚಯಸ್ಥರಿಗೆ ಮೀಸಲು.

ಹಬ್ಬಗಳ ಲೆಕ್ಕದಲ್ಲೂ ಒಂದು ಇತಿಹಾಸವಿದೆ. ಸರ್ಕಾರವು 1918ರಲ್ಲಿ ಪಂಚಾಂಗ ಬದಲಿಸಿದಾಗ ಜನವರಿ 31ರ ಮರುದಿನವೇ ಫೆಬ್ರುವರಿ 14 ಬಂತು. ಚರ್ಚು ಹಳೆಯ ಲೆಕ್ಕವನ್ನೇ ಉಳಿಸಿಕೊಂಡಿತು. ಹೀಗಾಗಿ ಕ್ರಿಸ್‌ಮಸ್ ಜನವರಿ 7ಕ್ಕೆ ಬರುತ್ತದೆ, ‘ಹಳೆಯ ಹೊಸ ವರ್ಷ’ ಎಂಬ ತಮಾಷೆಯ ಹೆಸರಿನ ಆಚರಣೆ ಜನವರಿ 13ರ ರಾತ್ರಿಗೆ, ಅಂದರೆ ನಮ್ಮ ಸಂಕ್ರಾಂತಿಯ ಹೊತ್ತಿಗೆ.

ದೂರ ಪ್ರಯಾಣಕ್ಕೆ ಹೊರಡುವ ಮುನ್ನ ಮನೆಯವರೆಲ್ಲ ಚೀಲಗಳ ಪಕ್ಕದಲ್ಲಿ ಒಂದು ಕ್ಷಣ ಮಾತಿಲ್ಲದೆ ಕುಳಿತು ಏಳುತ್ತಾರೆ, ನೀವೂ ಕುಳಿತುಕೊಳ್ಳಿ. ಮರೆತದ್ದನ್ನು ತರಲು ಹಿಂದಿರುಗಿದವರು ಕನ್ನಡಿಯಲ್ಲಿ ಮುಖ ನೋಡಿಕೊಂಡೇ ಮತ್ತೆ ಹೊರಡಬೇಕು. ಹೊರಟವರನ್ನು ‘ಕುದಾ’, ಅಂದರೆ ‘ಎಲ್ಲಿಗೆ’ ಎಂದು ಕೇಳುವುದು ಹಳಬರ ದೃಷ್ಟಿಯಲ್ಲಿ ಅಪಶಕುನ. ಅದಕ್ಕೆ ಬದಲಾಗಿ ಅವರು ‘ದಲಿಕೋ ಲಿ’ ಎನ್ನುತ್ತಾರೆ. ದಲಿಕೋ ಎಂದರೆ ದೂರ. ಲಿ ಎಂಬುದು ಪದದ ಹಿಂದೆ ಬಂದು ಪ್ರಶ್ನೆ ಮಾಡುವ ನಮ್ಮ ‘ಏ’ಕಾರ. ಮೆಟ್ಟಿಲಿಳಿಯುತ್ತಿರುವವರನ್ನು ಕಂಡು ನಮ್ಮ ಅಜ್ಜಂದಿರು ಕೇಳುತ್ತಿದ್ದುದೂ ಅದನ್ನೇ: ‘ದೂರವೇ?’